ಕಣ್ಣಿಗೆ ಹಬ್ಬ, ಕಥೆಗೆ ಉಪವಾಸ: ಯಾವ ಕೊರಿಯನ್ ಕ್ರೈಮ್ ಥ್ರಿಲ್ಲರ್ ನೋಡೋದು?

ಒಂದು ಶನಿವಾರ ರಾತ್ರಿ ಒಂಬತ್ತೂವರೆಗೆ ಸಾಗರದಿಂದ ಭಾವ ಫೋನ್ ಮಾಡಿದರು. "ಮಾರಾಯ, ಹೊಸ ಟಿವಿ ತಗಂಡಿದೀನಿ. ಐವತ್ತೈದು ಇಂಚು. ಒಂದು ಕೊರಿಯನ್ ಪಿಚ್ಚರ್ ಹೇಳು. ನೋಡಕ್ಕೆ ಚಂದ ಇರ್ಬೇಕು. ಕಥೆ ಹೆಂಗಿದ್ರೂ ಅಡ್ಡಿಲ್ಲ."

ನಾನು 'ದಿ ವಿಲನೆಸ್' ಅಂದೆ. ಮುಕ್ಕಾಲು ಗಂಟೆ ಕಳೆದ ಮೇಲೆ ವಾಟ್ಸಾಪ್‌ನಲ್ಲಿ ಸಾಲುಸಾಲು ಪ್ರಶ್ನೆ. "ಇವಳು ಮೊದಲು ಇದ್ದವಳೇನಾ? ಮುಖ ಯಾಕೆ ಬೇರೆ? ಈಗ ನಡೀತಿರೋದು ಹಿಂದಿನ ಕಥೆಯೋ ಈಗಿಂದೋ?" ಇನ್ನರ್ಧ ಗಂಟೆಗೆ, "ಮಲಗ್ತೀನಿ."

ಕಥೆ ಹೇಗಿದ್ದರೂ ಅಡ್ಡಿಯಿಲ್ಲ ಅನ್ನುವವರ ಮಾತನ್ನು ಪೂರ್ತಿ ನಂಬಬಾರದು ಅಂತ ನನಗೆ ಅವತ್ತು ಗೊತ್ತಾಯಿತು. ಆದರೆ ತಪ್ಪು ನನ್ನದೂ ಇತ್ತು. ನೋಡಲು ಅದ್ಭುತ, ಕಥೆ ವೀಕು ಅನ್ನಿಸಿಕೊಂಡ ಕೊರಿಯನ್ ಸಿನಿಮಾಗಳನ್ನೆಲ್ಲ ನಾನು ಒಂದೇ ಬುಟ್ಟಿಗೆ ಹಾಕಿಬಿಟ್ಟಿದ್ದೆ. ಒಂದರ ಕಥೆ ವೀಕಾಗಿರೋ ರೀತಿಗೂ ಇನ್ನೊಂದರದ್ದಕ್ಕೂ ಅಜಗಜಾಂತರ ಇದೆ. ನಿಮಗೆ ಯಾವ ಬಗೆಯ ವೀಕ್‌ನೆಸ್ ನಡೆಯುತ್ತೆ, ಯಾವುದು ನಡೆಯಲ್ಲ ಅನ್ನೋದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಮೊದಲು ಕೇಳಿಕೊಳ್ಳಬೇಕಾದ್ದು

ಕಥೆಗೆ ಬಂದಿರೋ ಕಾಯಿಲೆ ಯಾವುದು? ನನ್ನ ಲೆಕ್ಕದಲ್ಲಿ ಮೂರು ಥರ. ಒಂದು, ತೆಳು ಕಥೆ. ಬಸ್ ಟಿಕೆಟ್ ಹಿಂದೆ ಬರೆದು ಮುಗಿಸಬಹುದು. ಎರಡು, ಗೋಜಲು ಕಥೆ. ಹಿಂದಕ್ಕೂ ಮುಂದಕ್ಕೂ ಹಾರುತ್ತೆ, ಯಾರು ಯಾರ ಕಡೆ ಅಂತ ತಿಳಿಯೋ ಹೊತ್ತಿಗೆ ಅವನು ಸತ್ತಿರುತ್ತಾನೆ. ಮೂರು, ಜೊಳ್ಳು ಕಥೆ. ದೊಡ್ಡದಾಗಿ ಏನೋ ಗುಟ್ಟಿದೆ ಅಂತ ಕಟ್ಟಿಕೊಂಡು ಬರುತ್ತೆ, ಕೊನೆಗೆ ಒಡೆದು ನೋಡಿದರೆ ಒಳಗೆ ಕಾಳೇ ಇಲ್ಲ.

ಇದರಲ್ಲಿ ಕಣ್ಣಿಗೆ ಶತ್ರು ಎರಡನೇದು. ಕಾರಣ ಸರಳ. ನಾವು ಸಬ್‌ಟೈಟಲ್ ಓದುವವರು. ಕಥೆ ಗೋಜಲಾದಷ್ಟೂ ಕಣ್ಣು ಪರದೆಯ ಕೆಳಗಿನ ಎರಡು ಸಾಲಿಗೆ ಅಂಟಿಕೊಂಡಿರುತ್ತೆ. ಮೇಲೆ ಛಾಯಾಗ್ರಾಹಕ ಬೆಳಕಿನಲ್ಲಿ ಏನೆಲ್ಲ ಮಾಡಿಟ್ಟಿದ್ದಾನೋ ಅದು ತಪ್ಪಿಹೋಗುತ್ತೆ. ಕೊರಿಯಾದವನಿಗೆ ಈ ತೊಂದರೆ ಇಲ್ಲ, ಕಿವಿಯಲ್ಲಿ ಕೇಳುತ್ತ ಕಣ್ಣಲ್ಲಿ ನೋಡುತ್ತಾನೆ. ನಮಗೆ ಎರಡೂ ಕೆಲಸ ಕಣ್ಣಿಗೇ. ಅದಕ್ಕೇ ನಮ್ಮಂಥವರಿಗೆ ತೆಳು ಕಥೆ ಅನ್ನೋದು ಎಷ್ಟೋ ಸಲ ಉಪಕಾರ.

ಎರಡನೇ ಪ್ರಶ್ನೆ, ಚೆಂದ ಎಲ್ಲಿದೆ? ಕ್ಯಾಮೆರಾ ಓಡೋದರಲ್ಲಿ ಇದೆಯೋ, ಬಣ್ಣ ಬೆಳಕಿನಲ್ಲಿ ಇದೆಯೋ, ಜಾಗದಲ್ಲಿ ಇದೆಯೋ? ಇದು ಸುಮ್ನೆ ರಸಿಕತೆಯ ಮಾತಲ್ಲ, ನಿಮ್ಮ ಜೇಬಿಗೂ ಸಂಬಂಧ ಇದೆ. ಓಟ, ಹೊಡೆದಾಟ ಫೋನಿನ ಪರದೆಯಲ್ಲೂ ಸಾಕಷ್ಟು ಉಳಿಯುತ್ತೆ. ಕತ್ತಲೆಯೊಳಗಿನ ಕತ್ತಲೆ, ಮಂಜು, ಮುಖದ ಮೇಲಿನ ಅರ್ಧ ನೆರಳು, ಇವು ಫೋನಿನಲ್ಲಿ ಸತ್ತುಹೋಗುತ್ತವೆ. ಕಡಿಮೆ ಗುಣಮಟ್ಟದ ಸ್ಟ್ರೀಮಿಂಗ್‌ನಲ್ಲಿ ಕಪ್ಪು ಜಾಗವೆಲ್ಲ ಚೌಕ ಚೌಕವಾಗಿ ಒಡೆದುಕೊಳ್ಳೋದನ್ನು ನೀವೂ ನೋಡಿರುತ್ತೀರಿ.

ಇನ್ನು ದುಡ್ಡು. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಬೆಲೆ ಇಳಿಸಿದಾಗ ಮೊಬೈಲ್ ಪ್ಲಾನ್ ತಿಂಗಳಿಗೆ 149 ರೂಪಾಯಿ, ಬೇಸಿಕ್ 199, ಸ್ಟ್ಯಾಂಡರ್ಡ್ 499, ಪ್ರೀಮಿಯಂ 649 ಮಾಡಿತು. ಈಗ ಎಷ್ಟು ಅಂತ ಆ್ಯಪ್‌ನಲ್ಲೇ ನೋಡಿಕೊಳ್ಳಿ. ಮುಖ್ಯ ವಿಷಯ ಏನಂದರೆ, ಮೊಬೈಲ್ ಪ್ಲಾನ್‌ನಲ್ಲಿ ಸಿಗೋದು 480ಪಿ ಅನ್ನೋ ಕಡಿಮೆ ಸ್ಪಷ್ಟತೆಯ ಚಿತ್ರ, ಅದೂ ಫೋನ್ ಅಥವಾ ಟ್ಯಾಬ್‌ನಲ್ಲಿ ಮಾತ್ರ. ಅತಿ ಸ್ಪಷ್ಟವಾದ 4ಕೆ ಚಿತ್ರ ಬೇಕಂದರೆ ಪ್ರೀಮಿಯಂಗೇ ಹೋಗಬೇಕು. ಬೆಳಕಿನ ಚೆಂದಕ್ಕಾಗಿಯೇ ನೋಡಬೇಕಾದ ಸಿನಿಮಾವನ್ನು 480ಪಿಯಲ್ಲಿ ನೋಡೋದು ಅಂದರೆ ಮಲ್ಲಿಗೆ ಹೂವನ್ನು ಫೋಟೋದಲ್ಲಿ ಮೂಸಿದ ಹಾಗೆ.

ಉಳಿದದ್ದು ಎರಡು: ಎಷ್ಟು ಹೊತ್ತು ಇದೆ, ಪಕ್ಕದಲ್ಲಿ ಯಾರು ಕೂತಿದ್ದಾರೆ. ಕೊರಿಯಾದಲ್ಲಿ ಜನರ ಹತ್ತಿರ ಬಂದೂಕು ಇರೋದೇ ಅಪರೂಪ, ಕಾನೂನು ಅಷ್ಟು ಬಿಗಿ. ಅದಕ್ಕೇ ಅಲ್ಲಿನ ಕ್ರೈಮ್ ಸಿನಿಮಾದಲ್ಲಿ ಚಾಕು, ಕೊಡಲಿ, ಬೇಸ್‌ಬಾಲ್ ಬ್ಯಾಟು ಜಾಸ್ತಿ. ಹೊಡೆದಾಟ ದೂರದಿಂದ ನಡೆಯಲ್ಲ, ಮೈಗೆ ಮೈ ತಾಗಿ ನಡೆಯುತ್ತೆ. ರಕ್ತವೂ ಹಾಗೇ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮೊದಲೇ ಯೋಚನೆ ಮಾಡಿ.

'ದಿ ವಿಲನೆಸ್' (2017): ಮೊದಲ ಹತ್ತು ನಿಮಿಷಕ್ಕೆ ನೂರಕ್ಕೆ ನೂರು

ಭಾವನನ್ನು ಮಲಗಿಸಿದ ಸಿನಿಮಾದಿಂದಲೇ ಶುರು ಮಾಡೋಣ.

ಶುರುವಿನಲ್ಲಿ ಕ್ಯಾಮೆರಾ ಆಕೆಯ ಕಣ್ಣು. ನಮಗೆ ಕಾಣೋದು ಎರಡು ಕೈ ಮಾತ್ರ. ಮೊದಲು ಪಿಸ್ತೂಲು, ಗುಂಡು ಮುಗಿದ ಮೇಲೆ ಚಾಕು. ಕಿರಿದಾದ ಕಾರಿಡಾರ್, ಬಾಗಿಲ ಮೇಲೆ ಬಾಗಿಲು, ಒಬ್ಬೊಬ್ಬರಾಗಿ ಬೀಳುತ್ತ ಹೋಗೋ ಗಂಡಸರು. ವಿಡಿಯೋ ಗೇಮ್ ಆಡಿದವರಿಗೆ ಈ ನೋಟ ಹೊಸದೇನಲ್ಲ. ಹೊಸದು ಇರೋದು ಆಮೇಲೆ. ಆಕೆ ಜಿಮ್ ಒಂದರೊಳಗೆ ನುಗ್ಗುತ್ತಾಳೆ, ಗೋಡೆ ತುಂಬ ಕನ್ನಡಿ. ಒಬ್ಬ ಆಕೆಯ ತಲೆಯನ್ನು ಹಿಡಿದು ಕನ್ನಡಿಗೆ ಜಜ್ಜುತ್ತಾನೆ. ಆ ಕ್ಷಣಕ್ಕೆ ನಮಗೆ ಮೊದಲ ಸಲ ಆಕೆಯ ಮುಖ ಕಾಣುತ್ತೆ, ಮತ್ತು ಅಲ್ಲಿಂದಲೇ ಕ್ಯಾಮೆರಾ ಆಕೆಯ ಕಣ್ಣಿನಿಂದ ಹೊರಗೆ ಬಂದುಬಿಡುತ್ತೆ. ನಾವು ಆಕೆಯಾಗಿದ್ದವರು ಆಕೆಯನ್ನು ನೋಡುವವರಾಗುತ್ತೇವೆ. ಎರಡು ಶಾಟ್‌ಗಳನ್ನು ಎಲ್ಲಿ ಹೊಲಿದರು ಅಂತ ನಾನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೆ.

ನಿರ್ದೇಶಕ ಜಂಗ್ ಬ್ಯುಂಗ್-ಗಿಲ್ ಸೋಲ್‌ನ ಆ್ಯಕ್ಷನ್ ಸ್ಕೂಲಿನಲ್ಲಿ ಸ್ಟಂಟ್ ಕಲಿತವರು. ಅಲ್ಲಿನ ಗೆಳೆಯರ ಬಗ್ಗೆ 2008ರಲ್ಲಿ ಸಾಕ್ಷ್ಯಚಿತ್ರವನ್ನೂ ಮಾಡಿದ್ದಾರೆ. ಹೊಡೆದಾಟದ ಒಳಗಿಂದ ಬಂದವರು ಅನ್ನೋದು ಪ್ರತಿ ಶಾಟ್‌ನಲ್ಲೂ ಗೊತ್ತಾಗುತ್ತೆ. ಸುರಂಗದಲ್ಲಿ ಬೈಕ್ ಮೇಲೆ ಕತ್ತಿ ಹಿಡಿದು ಕಾದಾಡೋ ದೃಶ್ಯ ಎಷ್ಟು ಹೆಸರು ಮಾಡಿತು ಅಂದರೆ, 2019ರಲ್ಲಿ ಬಂದ ಮೂರನೇ 'ಜಾನ್ ವಿಕ್' ಸಿನಿಮಾದ ಬೈಕ್ ಕಾಳಗಕ್ಕೆ ಇದೇ ಸ್ಫೂರ್ತಿ ಅಂತ ಅದರ ನಿರ್ದೇಶಕರೇ ಒಪ್ಪಿಕೊಂಡರು. 2017ರ ಫ್ರಾನ್ಸಿನ ಕಾನ್ ಸಿನಿಮಾ ಉತ್ಸವದ ಮಧ್ಯರಾತ್ರಿ ಪ್ರದರ್ಶನಕ್ಕೂ ಈ ಸಿನಿಮಾ ಹೋಗಿತ್ತು. ಮಧ್ಯರಾತ್ರಿಗೆ ಹೇಳಿ ಮಾಡಿಸಿದ್ದೇ ಬಿಡಿ.

ಆದರೆ ಕಥೆ? ಅಪ್ಪನ ಕೊಲೆ ಕಂಡ ಹುಡುಗಿ, ಅವಳನ್ನು ಸಾಕಿ ಕೊಲೆಗಾತಿ ಮಾಡಿದ ಗಂಡಸು, ಆಮೇಲೆ ಅವಳನ್ನು ಹಿಡಿದು ಮುಖ ಬದಲಿಸಿ ಏಜೆಂಟ್ ಮಾಡೋ ಸರ್ಕಾರಿ ಸಂಸ್ಥೆ, ಒಂದು ಮಗು, ಪಕ್ಕದ ಮನೆಗೆ ಬರೋ ಪ್ರಿಯಕರ, ನಡುವೆ ನಾಟಕದ ನಟಿಯ ವೇಷ. ಇಷ್ಟನ್ನು ಸಾಲಾಗಿ ಹೇಳಿದ್ದರೆ ಹಾಯಾಗಿ ನಡೆಯುತ್ತಿತ್ತು. ಹೇಳಲ್ಲ. ಫ್ಲ್ಯಾಶ್‌ಬ್ಯಾಕ್ ಯಾವಾಗ ಶುರುವಾಯಿತು ಅಂತ ಗೊತ್ತಾಗೋದೇ ಅದು ಮುಗಿದ ಮೇಲೆ. ನಾಯಕಿ ಕಿಮ್ ಓಕ್-ಬಿನ್ ಜೀವ ತುಂಬಿ ನಟಿಸಿದ್ದಾರೆ, ಹೊಡೆದಾಡಿದ್ದಾರೆ. ಆದರೂ ಆಕೆಯ ಸಂಕಟ ನಮಗೆ ತಟ್ಟೋ ಮೊದಲೇ ಸಿನಿಮಾ ಬೇರೆ ವರ್ಷಕ್ಕೆ ಹಾರಿರುತ್ತೆ. ಇದು ಶುದ್ಧ ಗೋಜಲು ಕಾಯಿಲೆ.

ಹೊಡೆದಾಟದ ಹುಚ್ಚಿದ್ದರೆ, ವಿಡಿಯೋ ಎಡಿಟಿಂಗ್ ಕಲಿಯುತ್ತಿದ್ದರೆ, ಬೇಕಾದ ದೃಶ್ಯ ಹಿಂದೆ ಮುಂದೆ ಮಾಡಿ ನೋಡೋ ಅಭ್ಯಾಸ ಇದ್ದರೆ ಇದು ನಿಮ್ಮದು. ಫೋನಿನಲ್ಲೂ ನಡೆಯುತ್ತೆ, ಏಕೆಂದರೆ ಚೆಂದ ಇರೋದು ಓಟದಲ್ಲಿ. ಮನೆಮಂದಿ ಜತೆ ಬೇಡ. ಕೊರಿಯಾದಲ್ಲೇ ಇದು ದೊಡ್ಡವರಿಗೆ ಮಾತ್ರ.

ಇದೇ ನಿರ್ದೇಶಕರ 'ಕಾರ್ಟರ್' (2022) ಬಗ್ಗೆ ಬಹಳ ಜನ ಕೇಳುತ್ತಾರೆ. ಇಡೀ ಸಿನಿಮಾ ಒಂದೇ ಶಾಟ್ ಅನ್ನಿಸೋ ಹಾಗೆ ಹೊಲಿದಿದ್ದಾರೆ. ನೆನಪು ಕಳೆದುಕೊಂಡವನ ಕಿವಿಯಲ್ಲಿ ಒಂದು ದನಿ, ಸ್ನಾನದ ಮನೆಯಲ್ಲಿ ರಾಶಿ ಜನರ ಜತೆ ಹೊಡೆದಾಟ, ಆಮೇಲೆ ಬೈಕು, ವಿಮಾನ, ರೈಲು, ಹೆಲಿಕಾಪ್ಟರ್. ಎರಡು ಗಂಟೆ ಹತ್ತು ನಿಮಿಷ ಉಸಿರು ಬಿಡಕ್ಕೆ ಜಾಗ ಕೊಡಲ್ಲ. ನನಗೆ ನಲವತ್ತನೇ ನಿಮಿಷಕ್ಕೆ ತಲೆ ತಿರುಗಿತು, ನಿಜವಾಗಲೂ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗೆ. 'ದಿ ವಿಲನೆಸ್' ಇಷ್ಟವಾಗಿ, ಇನ್ನೂ ಬೇಕು ಅನ್ನಿಸಿದವರಿಗೆ ಮಾತ್ರ.

'ಡೆಲಿವರ್ ಅಸ್ ಫ್ರಮ್ ಈವಿಲ್' (2020): ಬಿಸಿಲು ಕಾಣಬೇಕಾದರೆ

ನಿಮ್ಮ ಹತ್ತಿರ ಒಳ್ಳೆ ಟಿವಿ ಇದೆ, ಒಂದೇ ಒಂದು ಸಿನಿಮಾ ನೋಡಕ್ಕೆ ಸಮಯ ಇದೆ ಅಂದರೆ ನನ್ನ ಓಟು ಇದಕ್ಕೆ.

ಹೆಸರು ಕ್ರೈಸ್ತರ ಪ್ರಾರ್ಥನೆಯದ್ದು, ನಮ್ಮ ಚರ್ಚುಗಳಲ್ಲಿ ಹೇಳೋ "ಕೇಡಿನಿಂದ ನಮ್ಮನ್ನು ತಪ್ಪಿಸು" ಅನ್ನೋ ಅದೇ ಸಾಲು. ಕಥೆ ಇಷ್ಟೇ: ಬೇಹುಗಾರನಾಗಿದ್ದು ಈಗ ಬಾಡಿಗೆ ಕೊಲೆಗಾರನಾಗಿರೋ ಒಬ್ಬ, ಜಪಾನಿನಲ್ಲಿ ಕೊನೆಯ ಕೊಲೆ ಮುಗಿಸಿ ಎಲ್ಲಾದರೂ ದೂರ ಹೋಗಬೇಕು ಅಂದುಕೊಂಡಿದ್ದಾನೆ. ಬ್ಯಾಂಕಾಕ್‌ನಲ್ಲಿ ಒಂದು ಹೆಣ್ಣುಮಗುವಿನ ಅಪಹರಣವಾಗುತ್ತೆ. ಅವನು ಅಲ್ಲಿಗೆ ಹೋಗುತ್ತಾನೆ. ಅವನು ಕೊಂದವನ ತಮ್ಮ, ರೇ ಅಂತ, ಇವನ ಬೆನ್ನು ಹತ್ತುತ್ತಾನೆ. ಮುಗೀತು. ಮಗು ಇಡೀ ಸಿನಿಮಾದಲ್ಲಿ ಹೆಚ್ಚುಕಮ್ಮಿ ಮಾತೇ ಆಡಲ್ಲ. ರೇ ಇಷ್ಟೊಂದು ಯಾಕೆ ಹಠ ಹಿಡಿದ ಅನ್ನೋದಕ್ಕೆ ಸಿನಿಮಾ ಹೆಚ್ಚೇನೂ ತಲೆ ಕೆಡಿಸಿಕೊಳ್ಳಲ್ಲ.

ಛಾಯಾಗ್ರಹಣ ಹಾಂಗ್ ಕ್ಯುಂಗ್-ಪ್ಯೋ ಅವರದ್ದು. 'ಪ್ಯಾರಸೈಟ್', 'ಬರ್ನಿಂಗ್', 'ದಿ ವೇಲಿಂಗ್' ಶೂಟ್ ಮಾಡಿದ ಅದೇ ಕೈ. ಇಲ್ಲಿ ಅವರು ಮಾಡಿರೋ ಕೆಲಸವನ್ನು ಎರಡು ಊರು ಎದುರುಬದುರು ಇಟ್ಟು ನೋಡಿ. ಜಪಾನಿನ ಭಾಗ ತಣ್ಣಗೆ, ನೀಲಿ, ಜನ ಮಾತಾಡಿದರೂ ಸದ್ದಿಲ್ಲ ಅನ್ನೋ ಹಾಗೆ. ಬ್ಯಾಂಕಾಕ್‌ಗೆ ಬರುತ್ತಿದ್ದ ಹಾಗೆ ಪರದೆಗೆ ಅರಿಶಿನ ಬಳಿದ ಹಾಗೆ ಬಿಸಿಲು. ಬೆವರು, ಧೂಳು, ತಗಡಿನ ಶೆಡ್ಡು, ಕಣ್ಣು ಕಿರಿದು ಮಾಡಿಕೊಂಡ ಮುಖಗಳು. ಏಪ್ರಿಲ್‌ನಲ್ಲಿ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ನಿಂತವರಿಗೆ ಆ ಬೆಳಕು ಗೊತ್ತು. ಆ ಸೆಖೆಯ ನಡುವೆ ರೇ ಐಸ್ ಕಾಫಿಯ ಲೋಟ ಹಿಡಿದು, ಸ್ಟ್ರಾ ಹೀರುತ್ತ ಬರುತ್ತಾನೆ. ಎಲ್ಲರೂ ಬೇಯುತ್ತಿದ್ದಾರೆ, ಇವನೊಬ್ಬ ತಣ್ಣಗಿದ್ದಾನೆ. ಅವನು ಎಂಥವನು ಅಂತ ಹೇಳಕ್ಕೆ ಹತ್ತು ಸಾಲು ಸಂಭಾಷಣೆ ಬರೆದಿದ್ದರೂ ಇಷ್ಟು ಬರುತ್ತಿರಲಿಲ್ಲ.

ರೇ ಪಾತ್ರ ಲೀ ಜಂಗ್-ಜೇ ಅವರದ್ದು. 'ಸ್ಕ್ವಿಡ್ ಗೇಮ್' ನೋಡಿದವರಿಗೆ ಅವರ ಪರಿಚಯ ಬೇಡ. ಎದುರಿಗೆ, ಬಾಡಿಗೆ ಕೊಲೆಗಾರನಾಗಿ ಹ್ವಾಂಗ್ ಜಂಗ್-ಮಿನ್. ಇಬ್ಬರೂ 2013ರ 'ನ್ಯೂ ವರ್ಲ್ಡ್' ಆದಮೇಲೆ ಇಲ್ಲಿ ಮತ್ತೆ ಜತೆಯಾದರು. ಕೋವಿಡ್ ಕಾಲದ 2020ರ ಆಗಸ್ಟ್‌ನಲ್ಲಿ ತೆರೆಗೆ ಬಂದರೂ ಕೊರಿಯಾದ ಥಿಯೇಟರ್‌ಗಳಲ್ಲಿ ನಲವತ್ತು ಲಕ್ಷಕ್ಕೂ ಜಾಸ್ತಿ ಟಿಕೆಟ್ ಹೋಯಿತು.

ಇದರ ಕಾಯಿಲೆ ತೆಳು ಕಥೆ. ಮತ್ತು ಅದೇ ಇದರ ಪುಣ್ಯ. ಮಾತು ಕಡಿಮೆ, ಓದೋದು ಕಡಿಮೆ, ಕಣ್ಣು ಪೂರ್ತಿ ಚಿತ್ರಕ್ಕೆ. ಅವಧಿ 108 ನಿಮಿಷ, ಊಟ ಮುಗಿಸಿ ಕೂತರೆ ಹನ್ನೊಂದಕ್ಕೆ ಮಲಗಬಹುದು. ಒಂದು ಎಚ್ಚರಿಕೆ: ಮಕ್ಕಳ ಅಪಹರಣ, ಅಂಗಾಂಗ ಮಾರಾಟದ ವಿಷಯ ಇದೆ. ಕೊರಿಯಾದಲ್ಲಿ 15 ದಾಟಿದವರು ನೋಡಬಹುದು ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಆದರೆ ಸಣ್ಣ ಮಕ್ಕಳಿರೋ ಅಪ್ಪ ಅಮ್ಮಂದಿರಿಗೆ ಹೊಟ್ಟೆ ಕಿವುಚಬಹುದು. ನನ್ನ ಅಕ್ಕ ಅರ್ಧಕ್ಕೆ ಎದ್ದು ಹೋದಳು. ಫೋನಿನಲ್ಲಿ ನೋಡಬೇಡಿ. ಆ ಬಿಸಿಲಿಗೆ ಜಾಗ ಬೇಕು.

'ನೈಟ್ ಇನ್ ಪ್ಯಾರಡೈಸ್' (2020): ನಿಧಾನ ನಡೆಯುತ್ತೆ ಅನ್ನುವವರಿಗೆ

ಇದೂ ತೆಳು ಕಥೆಯೇ, ಆದರೆ ತೂಕವೇ ಬೇರೆ. ಗ್ಯಾಂಗಿನವನೊಬ್ಬ ಅಕ್ಕನನ್ನೂ ಅವಳ ಮಗಳನ್ನೂ ಕಳೆದುಕೊಂಡು, ಸೇಡು ತೀರಿಸಿ, ಕೊರಿಯಾದ ಜೇಜು ದ್ವೀಪಕ್ಕೆ ಓಡಿಬರುತ್ತಾನೆ. ಅಲ್ಲಿಂದ ರಷ್ಯಾಕ್ಕೆ ಹೋಗೋ ಲೆಕ್ಕ. ಆಶ್ರಯ ಕೊಟ್ಟವನ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ವಾಸಿಯಾಗದ ಕಾಯಿಲೆಯವಳು. ಗುರಿಯಿಟ್ಟು ಗುಂಡು ಹೊಡೆಯೋದನ್ನು ಅಭ್ಯಾಸ ಮಾಡುತ್ತಿರುತ್ತಾಳೆ. ಅವಳಿಗೆ ಸಾವಿನ ಹೆದರಿಕೆ ಇಲ್ಲ, ಅವನಿಗೆ ಬದುಕೋ ಆಸೆ ಇಲ್ಲ.

ಬರೆದು ನಿರ್ದೇಶಿಸಿದ್ದು ಪಾರ್ಕ್ ಹೂನ್-ಜಂಗ್, 'ನ್ಯೂ ವರ್ಲ್ಡ್' ಮಾಡಿದವರು. ಗ್ಯಾಂಗಿನೊಳಗಿನ ದ್ರೋಹದ ಕಥೆಯನ್ನು ಅವರು ಹಿಂದೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿದ್ದಾರೆ. ಇಲ್ಲಿ ಯಾರು ಯಾರಿಗೆ ಕೈ ಕೊಡುತ್ತಾರೆ ಅಂತ ಇಪ್ಪತ್ತು ನಿಮಿಷ ಮೊದಲೇ ಹೇಳಿಬಿಡಬಹುದು. ಆದರೆ ಜೇಜುವಿನ ಕಡಲನ್ನು ಅವರು ತೋರಿಸಿದ ರೀತಿ! ಪ್ರವಾಸದ ಜಾಹೀರಾತಿನ ನೀಲಿ ಅಲ್ಲ ಅದು. ಬೂದಿ ಬೆರೆಸಿದ ನೀಲಿ. ಮಳೆ ನಿಂತ ಮೇಲೆ ಇನ್ನೊಂದು ಮಳೆ ಬರೋ ಮೊದಲು ಕಾರವಾರದ ಕಡಲು ಹೇಗೆ ಇರುತ್ತೋ ಹಾಗೆ.

ಇಬ್ಬರೂ ಹೋಟೆಲಿನಲ್ಲಿ ಕೂತು ಮುಲ್‌ಹ್ವೆ ತಿನ್ನೋ ದೃಶ್ಯ ಇದೆ. ಹಸಿ ಮೀನಿನ ತುಂಡು ಹಾಕಿದ ತಣ್ಣನೆ ಖಾರದ ಸಾರು ಅದು. ಅವನಿಗೆ ಮೊದಲು ಅದು ಸೇರಲ್ಲ. ಎದುರಿಗೆ ಬಟ್ಟಲು ಇಟ್ಟುಕೊಂಡು ಸುಮ್ನೆ ಕೂರುತ್ತಾನೆ. ಆಮೇಲೆ ತಿನ್ನಕ್ಕೆ ಶುರು ಮಾಡುತ್ತಾನೆ. ಏನೂ ಆಗದ ದೃಶ್ಯ. ಇಡೀ ಸಿನಿಮಾದಲ್ಲಿ ನನಗೆ ಹೆಚ್ಚು ನೆನಪಿರೋದು ಅದೇ.

ವೆನಿಸ್ ಸಿನಿಮಾ ಉತ್ಸವದಲ್ಲಿ 2020ರಲ್ಲಿ, ಸ್ಪರ್ಧೆಯ ಹೊರಗೆ ತೋರಿಸಿದರು. 2021ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಅವಧಿ 131 ನಿಮಿಷ, ಅದರಲ್ಲಿ ಇಪ್ಪತ್ತು ನಿಮಿಷ ಕತ್ತರಿಸಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಮಧ್ಯದಲ್ಲಿ ತೂಕಡಿಕೆ ಬರಬಹುದು. ಆದರೆ ಕೊನೆಯ ಕಾಲು ಗಂಟೆ ನೋಡದೆ ಬಿಟ್ಟರೆ ನೀವು ಈ ಸಿನಿಮಾ ನೋಡಿಲ್ಲ ಅಂತಲೇ ಲೆಕ್ಕ. ಚಾಕುವಿನ ಹಿಂಸೆ ಜಾಸ್ತಿ, ಬಹಳ ಹತ್ತಿರದಿಂದ. ಒಬ್ಬರೇ ನೋಡಿ, ಮಳೆಗಾಲದಲ್ಲಾದರೆ ಇನ್ನೂ ಒಳ್ಳೇದು.

'ಬ್ಯಾಲೆರಿನಾ' (2023): ಒಂದೂವರೆ ಗಂಟೆಯ ನಿಯಾನ್

ಬಾಡಿಗಾರ್ಡ್ ಆಗಿದ್ದ ಹುಡುಗಿಯೊಬ್ಬಳು ಸತ್ತ ಗೆಳತಿಗಾಗಿ ಸೇಡು ತೀರಿಸಿಕೊಳ್ಳುತ್ತಾಳೆ. ಬೇರೆ ಏನೂ ಇಲ್ಲ. ತಿರುವು ಇಲ್ಲ, ಗುಟ್ಟು ಇಲ್ಲ. ಯಾರನ್ನು ಕೊಲ್ಲಬೇಕು ಅಂತ ಅವಳಿಗೂ ಗೊತ್ತು ನಮಗೂ ಗೊತ್ತು. 93 ನಿಮಿಷಕ್ಕೆ ಮುಗಿಯುತ್ತೆ, ಪುಣ್ಯ.

ನಿರ್ದೇಶಕ ಲೀ ಚುಂಗ್-ಹ್ಯುನ್ ಪ್ರತಿ ಕೋಣೆಗೂ ಒಂದು ಬಣ್ಣ ಕೊಟ್ಟಿದ್ದಾರೆ ಅನ್ನಿಸುತ್ತೆ. ಗುಲಾಬಿ, ಹಸಿರು, ನೇರಳೆ. ಹಿನ್ನೆಲೆಗೆ ಹಿಪ್‌ಹಾಪ್ ಬೀಟು. ಕೆಲವೊಮ್ಮೆ ಇದು ಸಿನಿಮಾವೋ ಮ್ಯೂಸಿಕ್ ವಿಡಿಯೋವೋ ಅನ್ನೋ ಅನುಮಾನ ಬರುತ್ತೆ. ಆದರೆ ನಾಯಕಿ ಜಿಯೋನ್ ಜಾಂಗ್-ಸಿಯೋ ಅವರ ಮುಖದಲ್ಲಿ ಒಂದು ಮೊಂಡು ಮೌನ ಇದೆ, ಅದು ಈ ಬಣ್ಣಗಳನ್ನು ಹಿಡಿದು ನಿಲ್ಲಿಸುತ್ತೆ. ನಡುವೆ ವ್ಯಾನಿನಲ್ಲಿ ಬಂದೂಕು ಮಾರಕ್ಕೆ ಬರೋ ಅಜ್ಜ ಅಜ್ಜಿಯ ಜೋಡಿ ಇದೆ, ಸಂತೆಯಲ್ಲಿ ಬದನೆಕಾಯಿ ಮಾರುವವರ ಹಾಗೆ. ಅವರದ್ದೇ ಒಂದು ಸಿನಿಮಾ ಬೇಕಿತ್ತು ನನಗೆ.

ಖಳನಾಯಕ ಹೆಣ್ಣುಮಕ್ಕಳಿಗೆ ಅಮಲು ಬರಿಸಿ ವಿಡಿಯೋ ಮಾಡಿ ಬೆದರಿಸುವವನು. ಸಿನಿಮಾ ಅದನ್ನು ಚಪಲಕ್ಕೆ ತೋರಿಸಲ್ಲ, ಆದರೂ ಈ ವಿಷಯ ಕೆಲವರಿಗೆ ಸಹಿಸಕ್ಕಾಗಲ್ಲ. ಮೊದಲೇ ತಿಳಿದಿರಲಿ. ಕಡಿಮೆ ಸಮಯ, ಸಾಧಾರಣ ಟಿವಿ, ಬೇಸಿಕ್ ಪ್ಲಾನ್ ಇರುವವರಿಗೆ ಇದು ಒಳ್ಳೆ ಆಯ್ಕೆ. ಗಾಢ ಬಣ್ಣ ಸಣ್ಣ ಪರದೆಯಲ್ಲೂ ಕೂಗಿ ಕರೆಯುತ್ತೆ.

'ಬಿಲೀವರ್' (2018): ಗುಟ್ಟು ಬೇಕೇಬೇಕು ಅನ್ನುವವರು ಇದ್ದರೆ

ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ, "ಕೊಲೆಗಾರ ಯಾರು ಅಂತ ಕೊನೆಗೆ ಗೊತ್ತಾಗ್ಬೇಕು, ಇಲ್ಲಾಂದ್ರೆ ಎಂಥ ಥ್ರಿಲ್ಲರ್?" ಅಂತ. ಅವರಿಗೆ ಇದು. ಹಾಂಗ್‌ಕಾಂಗ್‌ನ ಜಾನಿ ಟೋ ಅವರ 'ಡ್ರಗ್ ವಾರ್' (2012) ಸಿನಿಮಾದ ರೀಮೇಕ್. ಯಾರೂ ಮುಖ ನೋಡಿರದ 'ಮಿಸ್ಟರ್ ಲೀ' ಅನ್ನೋ ಡ್ರಗ್ಸ್ ದೊರೆಯನ್ನು ಒಬ್ಬ ಪೊಲೀಸ್ ಹುಡುಕುತ್ತಾನೆ.

ಮಿಸ್ಟರ್ ಲೀ ಯಾರು ಅಂತ ನಾನು ಮಧ್ಯಂತರದ ಹೊತ್ತಿಗೇ ಹೇಳಿದ್ದೆ. ನೀವೂ ಹೇಳುತ್ತೀರಿ. ಅದಕ್ಕೇ ಇದನ್ನು ಜೊಳ್ಳು ಅನ್ನೋದು. ಆದರೆ ದಾರಿಯಲ್ಲಿ ಸಿಗೋ ನೋಟಗಳಿವೆ. ಉಪ್ಪಿನ ಗದ್ದೆಗಳ ನಡುವೆ ಡ್ರಗ್ಸ್ ತಯಾರಿಸೋ ಕಿವುಡ ಮೂಗ ಅಣ್ಣ ತಂಗಿ, ಕೊನೆಗೆ ನಾರ್ವೆಯ ಹಿಮ, ಅದರ ನಡುವೆ ಒಂದೇ ಒಂದು ಮನೆ. ಮತ್ತೆ ಆ ಹೋಟೆಲ್ ದೃಶ್ಯ. ಪೊಲೀಸ್ ಒಬ್ಬ ಡ್ರಗ್ಸ್ ವ್ಯಾಪಾರಿಯನ್ನು ಭೇಟಿಯಾಗಿ, ಅವನ ಹಾವಭಾವ ಎಲ್ಲ ಗಮನಿಸಿ, ಕೂಡಲೇ ಇನ್ನೊಬ್ಬನ ಎದುರು ತಾನೇ ಆ ವ್ಯಾಪಾರಿ ಅಂತ ನಟಿಸಬೇಕು. ಆ ವ್ಯಾಪಾರಿಯಾಗಿ ಕಿಮ್ ಜೂ-ಹ್ಯುಕ್ ಮೈ ನಡುಗಿಸುತ್ತಾರೆ. 2017ರ ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ಬಂದಿದ್ದು ಮುಂದಿನ ವರ್ಷ. ಕೊರಿಯಾದ ಬ್ಲೂ ಡ್ರ್ಯಾಗನ್ ಸಿನಿಮಾ ಪ್ರಶಸ್ತಿಗಳಲ್ಲಿ ಪೋಷಕ ನಟ ಪ್ರಶಸ್ತಿ ಅವರು ಹೋದ ಮೇಲೆ ಅವರ ಹೆಸರಿಗೆ ಬಂತು.

ಮಾತು ಜಾಸ್ತಿ, ಹಾಗಾಗಿ ಓದೋದೂ ಜಾಸ್ತಿ. ನಾಲ್ಕು ಜನ ಕೂತು ಊಹೆ ಮಾಡುತ್ತ, ಕಾಲೆಳೆಯುತ್ತ ನೋಡಕ್ಕೆ ಚೆನ್ನ. 2023ರಲ್ಲಿ ಎರಡನೇ ಭಾಗ ನೆಟ್‌ಫ್ಲಿಕ್ಸ್‌ಗೆ ಬಂತು. ಬಿಟ್ಟರೂ ಪರವಾಗಿಲ್ಲ.

ತೆಳು ಕಥೆ ಅಂದರೆ ಕೆಟ್ಟ ಕಥೆಯೇ?

ಇಲ್ಲಿ ಒಂದು ಹಳೆಯ ಸಿನಿಮಾ ತರಬೇಕು, ಇಲ್ಲದಿದ್ದರೆ ಹೋಲಿಕೆ ಪೂರ್ತಿಯಾಗಲ್ಲ. ಕಿಮ್ ಜೀ-ವೂನ್ ಅವರ 'ಎ ಬಿಟರ್‌ಸ್ವೀಟ್ ಲೈಫ್' (2005). ಬಾಸ್ ತನ್ನ ಚಿಕ್ಕ ವಯಸ್ಸಿನ ಪ್ರೇಯಸಿಯ ಮೇಲೆ ಕಣ್ಣಿಡು ಅಂತ ನಂಬಿಕೆಯ ಬಂಟನಿಗೆ ಹೇಳುತ್ತಾನೆ. ಅವಳಿಗೆ ಬೇರೆ ಗೆಳೆಯ ಇದ್ದರೆ ಮುಗಿಸಿಬಿಡು ಅನ್ನುತ್ತಾನೆ. ಬಂಟ ಒಂದೇ ಒಂದು ಸಲ ಮನಸ್ಸು ಮೆತ್ತಗೆ ಮಾಡಿಕೊಂಡು ಬಿಟ್ಟುಬಿಡುತ್ತಾನೆ. ಅಲ್ಲಿಂದ ಎಲ್ಲವೂ ಕುಸಿಯುತ್ತೆ.

ಇದೂ ಬಸ್ ಟಿಕೆಟ್ ಹಿಂದೆ ಹಿಡಿಸೋ ಕಥೆಯೇ. ನೋಡಲೂ ಅಷ್ಟೇ ಚೆಂದ, ಹೋಟೆಲಿನ ಕೆಂಪು ಕಪ್ಪು ಬೆಳಕು ಇವತ್ತಿಗೂ ಹಳತಾಗಿಲ್ಲ. ಆದರೆ ಇದನ್ನು ವೀಕು ಅನ್ನಕ್ಕೆ ಬಾಯಿ ಬರಲ್ಲ. ಏಕೆಂದರೆ ಆ ಒಂದು ಸಾಲಿನ ಮೇಲೆ ಎಲ್ಲವೂ ನಿಂತಿದೆ. ಬಾಸ್‌ಗೆ ಯಾಕಿಷ್ಟು ಸಿಟ್ಟು ಅನ್ನೋದು ಬಂಟನಿಗೂ ತಿಳಿಯಲ್ಲ, ಅದನ್ನೇ ಕೇಳಿಕೊಂಡು ಕೊನೆಯವರೆಗೂ ಹೋಗುತ್ತಾನೆ. 'ಡೆಲಿವರ್ ಅಸ್ ಫ್ರಮ್ ಈವಿಲ್'ನಲ್ಲಿ ರೇಯ ಹಠಕ್ಕೂ ಕಾರಣ ಸಾಲದು. ಆದರೆ ಅಲ್ಲಿ ಆ ಪ್ರಶ್ನೆಯನ್ನು ಯಾರೂ ಹೊತ್ತುಕೊಂಡು ತಿರುಗಲ್ಲ. ವ್ಯತ್ಯಾಸ ಇಷ್ಟೇ, ನೋಡಿದರೆ ಗೊತ್ತಾಗುತ್ತೆ.

ಕಥೆ, ಚೆಂದ ಎರಡೂ ಬೇಕು, ಹೊಸತೇ ಆಗಬೇಕು ಅಂತ ಹಠ ಇಲ್ಲ ಅನ್ನುವವರು ಮೇಲಿನ ಐದನ್ನೂ ಬಿಟ್ಟು ನೇರ ಇದಕ್ಕೆ ಹೋಗಿ.

ಇನ್ನೂ ಹಿಂದಕ್ಕೆ ಹೋಗುವ ಧೈರ್ಯ ಇದ್ದರೆ ಲೀ ಮ್ಯುಂಗ್-ಸೇ ಅವರ 'ನೋವೇರ್ ಟು ಹೈಡ್' (1999) ಇದೆ. ಪೊಲೀಸ್ ಓಡುತ್ತಾನೆ, ಕೊಲೆಗಾರ ಓಡುತ್ತಾನೆ, ಅಷ್ಟೇ. ಬೂಸಾನ್ ಊರಿನ ನಲವತ್ತು ಮೆಟ್ಟಿಲುಗಳ ಮೇಲೆ ಮಳೆಯಲ್ಲಿ ನಡೆಯೋ ಕೊಲೆ, ಕೊನೆಯಲ್ಲಿ ಮಳೆಯೊಳಗಿನ ಮುಷ್ಟಿ ಕಾಳಗ. ಇವತ್ತಿನ ಕೊರಿಯನ್ ಸ್ಟೈಲಿಗೆ ಇದು ಅಜ್ಜ.

ಹಾಗಾದರೆ ಇವತ್ತು ರಾತ್ರಿ?

ಕೈಯಲ್ಲಿ ಮೊಬೈಲ್ ಪ್ಲಾನ್ ಮಾತ್ರ ಇದ್ದರೆ 'ಬ್ಯಾಲೆರಿನಾ'. 'ನೈಟ್ ಇನ್ ಪ್ಯಾರಡೈಸ್' ನೋಡಲೇಬೇಕು ಅಂತಿದ್ದರೆ ಒಂದು ತಿಂಗಳ ಮಟ್ಟಿಗೆ ಪ್ಲಾನ್ ಏರಿಸಿಕೊಂಡು, 'ಬ್ಯಾಲೆರಿನಾ', 'ಕಾರ್ಟರ್' ಸೇರಿಸಿ ಮೂರೂ ಮುಗಿಸಿ ಮತ್ತೆ ಇಳಿಸಿಬಿಡಿ. ಮೂರೂ ನೆಟ್‌ಫ್ಲಿಕ್ಸ್‌ನವರೇ ಹೊರತಂದಿದ್ದು. ಉಳಿದವು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತವೆ. ಜಸ್ಟ್‌ವಾಚ್‌ನಲ್ಲಿ ಹೆಸರು ಹಾಕಿದರೆ ಎಲ್ಲಿದೆ, ಬಾಡಿಗೆ ಎಷ್ಟು ಅಂತ ತೋರಿಸುತ್ತೆ. ಒಂದು ಸಿನಿಮಾಕ್ಕಾಗಿ ವರ್ಷದ ಚಂದಾ ಕಟ್ಟಬೇಡಿ, ಬಾಡಿಗೆಗೆ ಸಿಕ್ಕರೆ ಅದೇ ಲಾಭ.

ಒಳ್ಳೆ ಟಿವಿ ಇದ್ದವರು ಸಿನಿಮಾ ಹಾಕೋ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ. ಅಂಗಡಿಯಿಂದ ಬಂದಾಗ 'ವಿವಿಡ್' ಅಥವಾ 'ಡೈನಾಮಿಕ್' ಅಂತ ಇದ್ದರೆ ತೆಗೆದು 'ಫಿಲ್ಮ್‌ಮೇಕರ್' ಅಥವಾ 'ಸಿನಿಮಾ' ಮಾಡಿ. ಚಲನೆಯನ್ನು ನಯ ಮಾಡೋ ಮೋಷನ್ ಸ್ಮೂದಿಂಗ್ ಅನ್ನೋದನ್ನು ಆಫ್ ಮಾಡಿ, ಇಲ್ಲದಿದ್ದರೆ ಎಲ್ಲ ಸಿನಿಮಾವೂ ಸಂಜೆಯ ಧಾರಾವಾಹಿ ಥರ ಕಾಣುತ್ತೆ. ಟ್ಯೂಬ್‌ಲೈಟ್ ಆರಿಸಿ. ಡಬ್ಬಿಂಗ್ ಇದ್ದರೂ ಕೊರಿಯನ್ ದನಿಯಲ್ಲೇ ನೋಡಿ, ಗೋಜಲು ಕಥೆಯನ್ನು ಬಿಟ್ಟು. 'ದಿ ವಿಲನೆಸ್'ಗೆ ಡಬ್ಬಿಂಗ್ ಸಿಕ್ಕರೆ ನಾನೇ ಹಾಕಿಕೊಳ್ಳುತ್ತೇನೆ, ಕಣ್ಣಾದರೂ ಬಿಡುವಾಗಿರಲಿ ಅಂತ.

ಭಾವನಿಗೆ ಮುಂದಿನ ಶನಿವಾರ ಇದಿಷ್ಟನ್ನೂ ಹೇಳಿ, 'ನೈಟ್ ಇನ್ ಪ್ಯಾರಡೈಸ್' ಹಾಕಿ ಅಂದೆ. ಹೊರಗೆ ಮಳೆ ಹಿಡಿದಿತ್ತಂತೆ. ರಾತ್ರಿ ಒಂದು ಗಂಟೆಗೆ ಮೆಸೇಜ್ ಬಂತು. "ಕಥೆ ಎಂಥದೂ ಇಲ್ಲ ಮಾರಾಯ." ಐದು ನಿಮಿಷ ಬಿಟ್ಟು ಇನ್ನೊಂದು. "ಆ ಹಸಿ ಮೀನಿನ ಸಾರು ಬೆಂಗಳೂರಲ್ಲಿ ಎಲ್ಲಾದ್ರೂ ಸಿಗ್ತದಾ?"